ಕುಚ್ಚಲಕ್ಕಿ, ಫ್ಲಾಸ್ಕು ಮತ್ತು ನಾಲ್ಕು ದೇಶ: ಚಳಿಗಾಲದ ರಜೆಯಲ್ಲಿ ನನ್ನ ಅನುಭವ

ಕುಚ್ಚಲಕ್ಕಿ ಫ್ಲಾಸ್ಕಿನಲ್ಲಿ ಬೇಯುತ್ತದೆ ಅಂದಾಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುವ ನಮ್ಮವರು ಒಬ್ಬರೂ ನಂಬಲಿಲ್ಲ. "ಕುಕ್ಕರಿನಲ್ಲೇ ಅದಕ್ಕೆ ಏಳೆಂಟು ವಿಸಿಲ್ ಬೇಕು, ಎಂತ ಮಾರಾಯ ನೀನು" ಅಂದವನು ನಮ್ಮ ಕುಂಬಳೆಯವನೇ. ಪುತ್ತೂರಿನ ಸೀನಿಯರ್ ಅಣ್ಣ "ಹೊಟ್ಟೆ ಕೆಡಿಸ್ಕೊಳ್ಬೇಡ" ಅಂತ ಬುದ್ಧಿ ಹೇಳಿದರು. 2024ರ ಡಿಸೆಂಬರ್ 20ಕ್ಕೆ ಹೊರಟು ಪ್ರಾಗ್, ಕ್ರಾಕೋವ್, ಬುಡಾಪೆಸ್ಟ್, ವಿಯೆನ್ನಾ ಸುತ್ತಿ ಜನವರಿ 1ಕ್ಕೆ ವಾಪಸ್ ಬಂದೆ. ಖರ್ಚು 450 ಯುರೋ ಆಸುಪಾಸು. ಆಗಿನ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿ.

ಅದರ ಹಿಂದಿನ ವರ್ಷ ಒಂದೇ ವಾರಕ್ಕೆ 800 ಯುರೋ ಸುರಿದಿದ್ದೆ. ಜರ್ಮನಿಗೆ ಓದಲು ಬರುವವರು ಖರ್ಚಿಗೆಂದು ಮೊದಲೇ ಹಣ ತುಂಬಿಡುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುತ್ತಿದ್ದದ್ದೇ 934. ನಾನು ಮೀನು, ಮಾಂಸ ತಿನ್ನುವುದಿಲ್ಲ. ಹಾಗಾಗಿ ಬರೀ ಫ್ರೈಸ್, ಚೀಸ್ ಬ್ರೆಡ್. ಮ್ಯೂನಿಕ್‌ನಲ್ಲಿ ಕ್ರಿಸ್‌ಮಸ್ ಕಳೆಯೋಣ ಅಂತ ಹೋದೆ. ಆ ವರ್ಷ 24 ಭಾನುವಾರ. 23ರ ರಾತ್ರಿ ಮುಚ್ಚಿದ ಅಂಗಡಿಗಳು ಹೆಚ್ಚಿನವು ತೆರೆದದ್ದು 27ಕ್ಕೆ. ಮೂರು ದಿನ ರೈಲ್ವೆ ಸ್ಟೇಷನ್ನಿನೊಳಗಿನ ಅಂಗಡಿಯಲ್ಲಿ ದುಪ್ಪಟ್ಟು ಕೊಟ್ಟು ತಿಂದೆ. ಅಮ್ಮ ಫೋನಿನಲ್ಲಿ "ಎಂತ ಊಟ ಮಾಡಿದ್ದು ಮಗಾ?" ಅಂತ ಕೇಳಿದಾಗ ಸುಳ್ಳು ಹೇಳಬೇಕಾಯಿತು. ಅದು ಈಗಲೂ ಬೇಜಾರು.

ಫ್ಲಾಸ್ಕಿನ ಯೋಚನೆ ಬಂದದ್ದು ಅಜ್ಜಿಯಿಂದ. ಬದಿಯಡ್ಕದ ಮನೆಯಲ್ಲಿ ಅಜ್ಜಿ ರಾತ್ರಿ ಗಂಜಿಗೆ ಒಂದು ಕುದಿ ಬರಿಸಿ, ಅಡಿಕೆ ಸಿಪ್ಪೆಯ ಕೆಂಡದ ಮೇಲೆ ಮುಚ್ಚಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಅನ್ನ ಅರಳಿರುತ್ತಿತ್ತು. ನೈಟ್ ಬಸ್ಸಿನಲ್ಲಿ ಎಂಟು ಗಂಟೆ ಸುಮ್ನೆ ಕೂತಿರುತ್ತೇವೆ ಅಲ್ವಾ, ಆ ಹೊತ್ತಿನಲ್ಲಿ ಅಕ್ಕಿ ಯಾಕೆ ಬೇಯಬಾರದು?

ಮೊದಲ ನಾಲ್ಕು ಸಲ ಸೋತೆ. ಗಾಜಿನ ಒಳಮೈ ಇರುವ 12 ಯುರೋದ ಫ್ಲಾಸ್ಕ್ ಕುದಿನೀರು ಬಿದ್ದ ಕೂಡಲೇ ಒಡೆಯಿತು. ಆಮೇಲೆ ಅಗಲ ಬಾಯಿಯ ಒಂದು ಲೀಟರಿನ ಸ್ಟೀಲಿನದ್ದು ತಂದೆ, 30 ಯುರೋ ಇರಬೇಕು. ಹಸಿ ಅಕ್ಕಿಗೆ ಕುದಿನೀರು ಹೊಯ್ದರೆ ನಡುವೆ ಕಲ್ಲಿನಂತೆ ಉಳಿಯಿತು. ನೆನೆಸಿ ಹಾಕಿದರೂ ಅರ್ಧವೇ ಬೆಂದದ್ದು. ಒಮ್ಮೆ ಫ್ಲಾಸ್ಕ್ ಅರ್ಧ ಖಾಲಿ ಇಟ್ಟೆ. ಬೆಳಿಗ್ಗೆ ಗಂಜಿ ಉಗುರುಬೆಚ್ಚಗೆ ಇತ್ತು, ತಿಂದೆ, ಎರಡು ದಿನ ಮಲಗಿದೆ. ಬೆಂದ ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಕೂತರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಹೊಡೆಯದಿದ್ದರೆ ಚೆಲ್ಲಿಬಿಡಿ. ಎರಡು ರೂಪಾಯಿಯ ಅಕ್ಕಿಗೆ ಆಸೆ ಪಡಬೇಡಿ.

ಕೊನೆಗೆ ಗೆದ್ದದ್ದು ಹೀಗೆ. ಮುಕ್ಕಾಲು ಕುಡ್ತೆ (ನಮ್ಮ ಕಡೆಯ ಸಣ್ಣ ಅಳತೆ ಲೋಟ) ಅಕ್ಕಿ, ನಾಲ್ಕು ಕುಡ್ತೆ ನೀರು. ಬೆಳಿಗ್ಗೆಯೇ ನೆನೆಹಾಕಬೇಕು. ಸಂಜೆ ಹಾಸ್ಟೆಲ್ ಅಡುಗೆಮನೆಯಲ್ಲಿ ಐದಾರು ನಿಮಿಷ ಜೋರಾಗಿ ಕುದಿಸಬೇಕು. ಅಷ್ಟರಲ್ಲಿ ಫ್ಲಾಸ್ಕಿಗೆ ಬೇರೆ ಕುದಿನೀರು ತುಂಬಿಸಿ ಬಿಸಿ ಮಾಡಿಟ್ಟಿರಬೇಕು. ಆ ನೀರು ಚೆಲ್ಲಿ, ಗಂಜಿಯನ್ನು ಕುತ್ತಿಗೆವರೆಗೆ ತುಂಬಿ, ಉಣ್ಣೆಯ ಕಾಲುಚೀಲದಲ್ಲಿ ತುರುಕಿ, ಜಾಕೆಟಿನಲ್ಲಿ ಸುತ್ತಬೇಕು. ಎಂಟು ಗಂಟೆ ಮುಟ್ಟಬಾರದು. ಇದಕ್ಕೂ ಮುಂಚೆ ಅಕ್ಕಿಗೆ ಒಂದು ಕೆಲಸ ಇದೆ, ಅಜ್ಜಿ ಹೇಳಿಕೊಟ್ಟದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಬೇಯುತ್ತದೆ, ಅಷ್ಟು ಮೆತ್ತಗೆ ಆಗುವುದಿಲ್ಲ ಅಷ್ಟೆ.

ಇದೇ ಹುರುಪಿನಲ್ಲಿ ಬೇರೆ ಕಾಳುಗಳನ್ನೂ ನೋಡಿದೆ. ಹೆಸರುಕಾಳು ಚೆನ್ನಾಗಿ ಬರುತ್ತದೆ, ಬೆಲ್ಲ ಹಾಕಿದರೆ ಪಾಯಸವೇ. ಹುರುಳಿ ಆಗಲಿಲ್ಲ. ರಾಜ್ಮಾ ಮಾತ್ರ ಬೇಡವೇ ಬೇಡ. ಹಸಿ ರಾಜ್ಮಾದಲ್ಲಿ ವಿಷದ ಅಂಶ ಇದೆ, ಕಡಿಮೆ ಅಂದರೂ ಹತ್ತು ನಿಮಿಷ ಕೊತಕೊತ ಕುದಿಯದೆ ಹೋಗುವುದಿಲ್ಲ. ಹಲಸಿನ ಹಪ್ಪಳಕ್ಕೆ ಎರಡೂ ಬದಿ ಎಣ್ಣೆ ಸವರಿ ಮೈಕ್ರೋವೇವಿನಲ್ಲಿ ಒಂದು ನಿಮಿಷದ ಒಳಗೆ ತೆಗೆಯಬೇಕು. ತುಪ್ಪ ಊರಿನಿಂದ ತರುವಂತಿಲ್ಲ, ಹಾಲಿನ ಪದಾರ್ಥಕ್ಕೆ ಯುರೋಪಿನಲ್ಲಿ ತಡೆ ಇದೆ. ಜರ್ಮನಿಯ ಅಂಗಡಿಯಲ್ಲಿ ಬುಟರ್‌ಶ್ಮಾಲ್ಟ್ಸ್ ಅಂತ ಸಿಗುತ್ತದಲ್ಲ, ಅದು ನಮ್ಮ ತುಪ್ಪವೇ.

ಕ್ರಾಕೋವ್‌ನಲ್ಲಿ 24ರ ಸಂಜೆ ಮರೆಯಲಾರೆ. ನಾಲ್ಕು ಗಂಟೆಯ ಒಳಗೆ ಸೂರ್ಯ ಮುಳುಗಿದ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹಾಸ್ಟೆಲಿನಲ್ಲಿ ಇನ್ನೂ ಮೂವರು ಹುಡುಗರು ಚಿಪ್ಸ್ ಪ್ಯಾಕೆಟ್ ಹಿಡಿದು ಕೂತಿದ್ದರು. ನಾನು ಫ್ಲಾಸ್ಕ್ ತೆರೆದೆ. ಕೆಂಪು ಗೆರೆ ಇರುವ ದಪ್ಪ ಅಕ್ಕಿ ಒಡೆದು ಹೂವಿನಂತೆ ಅರಳಿತ್ತು. ತಿಳಿ ಬೆಳ್ಳಗೆ, ದಪ್ಪಗೆ. ನಾಲ್ಕು ಬಟ್ಟಲಿಗೆ ಹಂಚಿ, ಉಪ್ಪು, ಬುಟರ್‌ಶ್ಮಾಲ್ಟ್ಸ್, ಮೇಲೊಂದು ಮಾವಿನ ಮಿಡಿ. ಬ್ರೆಜಿಲ್‌ನ ಹುಡುಗ ಮಿಡಿಯ ಗೊರಟನ್ನೂ ಬಿಡದೆ ಚೀಪಿದ. ಮರುದಿನಕ್ಕೆ ಅಂತ ಅವನೇ ಅಕ್ಕಿ ನೆನೆಹಾಕಿದ.

ಹಾಗಂತ ಊರೂರು ಸುತ್ತಿ ಗಂಜಿ ಮಾತ್ರ ಕುಡಿದು ಬಂದೆ ಅಂತ ತಿಳಿಯಬೇಡಿ. ದಿನಕ್ಕೆ ಎರಡು ಹೊತ್ತು ಗಂಜಿ, ಅವಲಕ್ಕಿ. ಒಂದು ಹೊತ್ತು ಆ ಊರಿನ ತಿಂಡಿ. ಹಬ್ಬದ ಮುಂಚೆ, 23ಕ್ಕೆ, ಕ್ರಾಕೋವ್‌ನ ಬಾರ್ ಮ್ಲೆಚ್ನಿಗೆ ಹೋದೆ. ಸರಕಾರದ ನೆರವಿನಲ್ಲಿ ನಡೆಯುವ ಅಗ್ಗದ ಊಟದ ಮನೆಗಳು ಇವು. ಆಲೂಗಡ್ಡೆ, ಪನೀರಿನಂಥ ಗಿಣ್ಣು ತುಂಬಿದ ಪಿಯರೋಗಿ ರುಸ್ಕಿಯೆ ಒಂದು ತಟ್ಟೆ ನಾಲ್ಕು ಯುರೋ ಚಿಲ್ಲರೆ. ನಮ್ಮ ಕಡುಬನ್ನು ಬೇಯಿಸಿ ಮೇಲೆ ಹುರಿದ ಈರುಳ್ಳಿ ಹಾಕಿದ ಹಾಗೆ. ಕೆಲವು ಕಡೆ ಹಂದಿ ಕೊಬ್ಬಿನ ಚೂರು ಉದುರಿಸುತ್ತಾರೆ, "ಬೆಜ್ ಸ್ಕ್ವಾರೆಕ್" ಅಂತ ಮೊದಲೇ ಹೇಳಿ. ಪ್ರಾಗ್‌ನಲ್ಲಿ ಕರಿದ ಚೀಸ್, ಸ್ಮಾಝೆನಿ ಸೀರ್. ಬುಡಾಪೆಸ್ಟಿನ ಲಾಂಗೋಶ್ ಪೂರಿಯ ದೊಡ್ಡಣ್ಣ, ಬೆಳ್ಳುಳ್ಳಿ ಸವರಿ ಮೇಲೆ ಹುಳಿ ಕೆನೆ. ಪ್ರವಾಸಿಗರ ಗುಂಪಿನ ನಡುವೆ ಅದಕ್ಕೆ ಏಳು ಯುರೋ ಕೇಳಿದರು. ಎರಡು ಬೀದಿ ಆಚೆ ಅರ್ಧಕ್ಕೆ ಸಿಕ್ಕಿತು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಐದು ಬಸ್ಸಿಗೆ 125, ಒಂಬತ್ತು ರಾತ್ರಿ ಹಾಸ್ಟೆಲಿಗೆ 170, ಊಟಕ್ಕೆ 75, ಉಳಿದದ್ದು ಊರೊಳಗಿನ ಓಡಾಟ, ಟಿಕೆಟು. ಅದರಲ್ಲಿ 30 ಬುಡಾಪೆಸ್ಟಿನ ಸೇಚೆನಿ ಸ್ನಾನಗೃಹದ ಬಿಸಿನೀರಿನ ಸ್ನಾನಕ್ಕೆ. ತಲೆ ಮೇಲೆ ಮಂಜು, ಕೊರಳವರೆಗೆ ಬಿಸಿನೀರು. ಆ 30ಕ್ಕೆ ನನಗೆ ಬೇಜಾರಿಲ್ಲ. ಬೇಜಾರು ಪ್ರಾಗ್‌ನ ಒಂದು ಎಟಿಎಂನಲ್ಲಿ ಕಳೆದ 20 ಯುರೋದ್ದು. "ನಿಮ್ಮ ಕರೆನ್ಸಿಗೆ ಬದಲಿಸಲೇ" ಅಂತ ಕೇಳಿದಾಗ ಹೌದು ಒತ್ತಿದೆ. ಬೇಡ ಅಂತಲೇ ಒತ್ತಬೇಕು, ಆಗ ನಮ್ಮ ಬ್ಯಾಂಕಿನ ದರ ಸಿಗುತ್ತದೆ. ಬಸ್ ಟಿಕೆಟನ್ನು ಯಾವಾಗ ಕಾಯ್ದಿರಿಸುವುದು ಅನ್ನುವುದು ಇನ್ನೊಂದು ಗುಟ್ಟು. ಎದುರು ಸಿಕ್ಕಿದರೆ ಹೇಳುತ್ತೇನೆ.

31ಕ್ಕೆ ವಿಯೆನ್ನಾದಲ್ಲಿ ಹಾಸಿಗೆ ರೇಟು ಮೂರು ಪಟ್ಟು. ರೂಮೇ ಮಾಡಲಿಲ್ಲ. ಆ ರಾತ್ರಿ ಮೆಟ್ರೋ ಬೆಳಗಿನವರೆಗೂ ಓಡುತ್ತದೆ, ನನ್ನ ಬಸ್ಸು ಇದ್ದದ್ದು ಬೆಳಿಗ್ಗೆ ಆರಕ್ಕೆ. ಸಂಜೆ ನಾಲ್ಕಕ್ಕೆ ತುಂಬಿಸಿದ ಫ್ಲಾಸ್ಕ್ ಬ್ಯಾಗಿನಲ್ಲಿತ್ತು. ಹನ್ನೆರಡಕ್ಕೆ ಸ್ಟೆಫಾನ್ ಚರ್ಚಿನ ದೊಡ್ಡ ಗಂಟೆ ಪುಮ್ಮೆರಿನ್ ಬಾರಿಸಿತು, ಹಿಂದೆಯೇ ವಾಲ್ಟ್ಸ್ ಕುಣಿತದ ಸಂಗೀತ. ಗುರುತಿಲ್ಲದವರೆಲ್ಲ ಕೈ ಹಿಡಿದು ಬೀದಿಯಲ್ಲೇ ಕುಣಿಯುತ್ತಿದ್ದರು. ಅಲ್ಲೇ ಗೋಡೆಗೆ ಒರಗಿ ಮುಚ್ಚಳ ತಿರುವಿದೆ. ಕನ್ನಡಕ ಆವಿಯಿಂದ ಬೆಳ್ಳಗಾಯಿತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫ್ಲಾಸ್ಕಿನ ಒಳಗೆ ತೋರಿಸಿದೆ. ಊರಲ್ಲಿ ಆಗ ಬೆಳಗಿನ ನಾಲ್ಕೂವರೆ. "ಉಪ್ಪು ಹಾಕಿದ್ದೀಯಾ?" ಅಂತ ಕೇಳಿದರು.

ಕುಂಬಳೆಯವನು ಜನವರಿಯಲ್ಲೇ ಒಂದೂವರೆ ಲೀಟರಿನ ಫ್ಲಾಸ್ಕ್ ತಂದಿದ್ದಾನೆ. ಅಜ್ಜಿಯ ಗುಟ್ಟು ಮಾತ್ರ ಇನ್ನೂ ಕೇಳುತ್ತಲೇ ಇದ್ದಾನೆ.