ಫಾಸ್ಟ್ ಚಾರ್ಜರ್ ಹಾಕ್ಸೋ ಪ್ಲಾನ್ ಇದ್ಯಾ? ಮೊದ್ಲು ಕರೆಂಟ್ ಆಫೀಸಿಗೆ ಹೋಗಿ ಬನ್ನಿ

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ರೋಡ್ ಪಕ್ಕ ಜಾಗ ಇರೋರು, ಹೋಟ್ಲು ನಡೆಸೋರು ಎಲೆಕ್ಟ್ರಿಕ್ ಕಾರಿಗೆ ಫಾಸ್ಟ್ ಚಾರ್ಜರ್ ಹಾಕ್ಸೋಣ ಅಂತ ಹೊರಟಾಗ ಮೊದ್ಲು ಕೇಳೋದೇ ಮಷಿನ್ ರೇಟ್ ಎಷ್ಟು ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ದುಡ್ಡು ಕೊಟ್ರೆ ಮಷಿನ್ ಬರುತ್ತೆ, ಕರೆಂಟೂ ಕಾರೂ ಹಂಗೆ ಬರಲ್ಲ. ಲೈಸೆನ್ಸ್ ಚಿಂತೆ ಬೇಡ, ಗಾಡಿ ಚಾರ್ಜ್ ಮಾಡೋದು ಕರೆಂಟ್ ಮಾರಾಟ ಅಲ್ಲ, ಅದೊಂದು ಸೇವೆ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ.

ಮೊದಲ್ನೇ ಕೆಲ್ಸ ಕರೆಂಟು. ಹಾಸನ ಜಿಲ್ಲೆ ಚಾಮುಂಡೇಶ್ವರಿ ಕಂಪ್ನಿ ಅಂದ್ರೆ ಸೆಸ್ಕ್‌ಗೆ ಸೇರುತ್ತೆ, ಬೇಲೂರು ದಾಟಿ ಚಿಕ್ಕಮಗಳೂರು ಜಿಲ್ಲೆಗೆ ಬಂದ್ರೆ ಮೆಸ್ಕಾಂ. ನಿಮ್ಮ ಸೆಕ್ಷನ್ ಆಫೀಸಿಗೆ ಹೋಗಿ ಹತ್ರದ ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿಎ, ಅದ್ರಲ್ಲಿ ಲೋಡ್ ಉಳಿದಿದ್ಯಾ, 11 ಕೆವಿ ಲೈನ್ ಎಷ್ಟು ದೂರ, ನಿಮ್ಮದು ಟೌನ್ ಫೀಡರ್ರಾ ಹಳ್ಳಿ ಫೀಡರ್ರಾ ಅಂತ ಒಂದೊಂದೂ ಕೇಳಿ ಬರ್ಕೊಳ್ಳಿ. ಪಂಪ್‌ಸೆಟ್ಟಿಗೆ ಹಾಕಿರೋ 25 ಕೆವಿಎ ಟ್ರಾನ್ಸ್‌ಫಾರ್ಮರಿಂದ 60 ಕಿಲೋವ್ಯಾಟ್ ಚಾರ್ಜರ್ ಓಡಲ್ಲ, ಹೊಸದು ಕೂರಿಸ್ಬೇಕು ಅಂದ್ರೆ ಕಂಬ, ಕೇಬಲ್ ಎಲ್ಲಾ ಸೇರಿ ಎಷ್ಟೋ ಸಲ ಬಜೆಟ್ ಉಲ್ಟಾ ಆಗೋದು ಇಲ್ಲೇ. ಮೀಟರ್ ಕೂಡ ಇವಿ ಚಾರ್ಜಿಂಗ್ ಕೆಟಗರಿಯಲ್ಲೇ ಬೇರೆ ತಗೊಳ್ಳಿ, ಹೋಟ್ಲಿನ ಕಮರ್ಷಿಯಲ್ ಮೀಟರಿಗೆ ಸೇರಿಸ್ಬೇಡಿ. ಆಮೇಲೆ ಮಳೆಗಾಲ. ಜೂನಿಂದ ಆಗಸ್ಟ್ ತನಕ ಮಲೆನಾಡಲ್ಲಿ ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಯಾವಾಗ ಬರುತ್ತೋ, ಅಕ್ಕಪಕ್ಕದೋರನ್ನ ಕೇಳಿದ್ರೆ ನಿಜ ಗೊತ್ತಾಗುತ್ತೆ. ಅರ್ಥಿಂಗು, ಸಿಡಿಲಿಗೆ ಸರ್ಜ್ ಪ್ರೊಟೆಕ್ಷನ್ನು, ಇದ್ರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ.

ಎರಡ್ನೇದು ಜಾಗ, ಇಲ್ಲಿ ನಮ್ಮ ಕಡೆಯ ಘಟ್ಟ ನೋಡ್ಕೊಂಡು ಲೆಕ್ಕ ಹಾಕ್ಬೇಕು. ಬೆಂಗಳೂರಿಂದ ಫುಲ್ ಚಾರ್ಜಲ್ಲಿ ಹೊರಟ 45 ಯೂನಿಟ್ ಬ್ಯಾಟರಿ ಕಾರು ಹಾಸನಕ್ಕೆ ಆರಾಮಾಗಿ ಬರುತ್ತೆ, ಶಿರಾಡಿ ಇಳಿಯೋವಾಗ ಬ್ರೇಕಿಂದ ಬ್ಯಾಟರಿಗೆ ಸ್ವಲ್ಪ ವಾಪಸ್ಸೂ ಬರುತ್ತೆ. ಆದ್ರೆ ಮಂಗಳೂರಿಂದ ಬರೋರು ಸಕಲೇಶಪುರ ಮುಟ್ಟೋಕೆ 900 ಮೀಟರ್ ಹತ್ರ ಹತ್ಬೇಕು, ಆ ಎತ್ತರಕ್ಕೇ ನಾಲ್ಕೈದು ಯೂನಿಟ್ ಜಾಸ್ತಿ ಖರ್ಚು. ಅಂದ್ರೆ ಸಕಲೇಶಪುರದಲ್ಲಿ, ಚಾರ್ಮಾಡಿ ಹತ್ತಿ ಬರೋ ಕೊಟ್ಟಿಗೆಹಾರದ ಕಡೇಲಿ ಮೇಲಕ್ಕೆ ಬರೋ ಗಾಡಿಗೇ ಚಾರ್ಜ್ ಅಗತ್ಯ ಜಾಸ್ತಿ, ಅವ್ರಿಗೆ ಸುಲಭವಾಗಿ ಒಳಗೆ ತಿರುಗೋಕೆ ಆಗೋ ಸೈಡಲ್ಲಿ ಜಾಗ ಹುಡುಕಿ. ಬುಧವಾರ ಒಂದಿನ, ಭಾನುವಾರ ಒಂದಿನ ರೋಡಲ್ಲಿ ನಿಂತು ಹಸಿರು ನಂಬರ್ ಪ್ಲೇಟ್ ಎಣಿಸಿ. ಮುಳ್ಳಯ್ಯನಗಿರಿ ನೋಡೋಕೆ ಬಂದು ರಾತ್ರಿ ಉಳ್ಕೊಳ್ಳೋ ಗೆಸ್ಟ್‌ಗಳಿಗೆ ಫಾಸ್ಟ್ ಚಾರ್ಜರೇ ಬೇಡ, ಹೋಮ್‌ಸ್ಟೇಲಿ 7.4 ಕಿಲೋವ್ಯಾಟಿನ ಎಸಿ ಚಾರ್ಜರ್ ಇದ್ರೆ ಬೆಳಗ್ಗೆ ಹೊತ್ತಿಗೆ ಫುಲ್. ಹೋಮ್‌ಸ್ಟೇ ಇರೋರು ಲಕ್ಷಗಟ್ಲೆ ಸಾಲ ಮಾಡ್ಬಾರ್ದು ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಕೃಷಿ ಜಮೀನಾದ್ರೆ ಭೂ ಪರಿವರ್ತನೆ, ಹೈವೇಯಿಂದ ದಾರಿ ಬಿಡ್ಸೋಕೆ ಪರ್ಮಿಷನ್, ಎರಡೂ ಮೊದ್ಲೇ ವಿಚಾರಿಸಿ.

ಈಗ ಮಷಿನ್. ಕಾರುಗಳಿಗೆ ಸಿಸಿಎಸ್2 ಗನ್ ಬೇಕು, ಅಂದ್ರೆ ಇಲ್ಲಿನ ಕಾರುಗಳ ಫಾಸ್ಟ್ ಚಾರ್ಜಿಂಗಿಗೆ ಕೂರೋ ಪ್ಲಗ್ಗು. ಟಿಯಾಗೊದಂಥ ಸಣ್ಣ ಕಾರು 25 ಕಿಲೋವ್ಯಾಟ್ ಆಸುಪಾಸು ಎಳ್ಕೊಳ್ಳುತ್ತೆ, 45 ಯೂನಿಟ್ಟಿನ ನೆಕ್ಸಾನ್ 60ರವರೆಗೆ, ಮಹೀಂದ್ರಾದ ದೊಡ್ಡ ಬ್ಯಾಟರಿ ಬಿಇ 6 ಮಾತ್ರ 175ರ ತನಕ ಹೋಗುತ್ತೆ, ಎಲ್ಲಾ ಕಾರೂ 80 ಪರ್ಸೆಂಟ್ ದಾಟಿದ್ಮೇಲೆ ಸ್ಲೋ ಆಗ್ತವೆ. ಹಂಗಾಗಿ ನಮ್ಮ ರೋಡಿಗೆ ಸದ್ಯಕ್ಕೆ ಎರಡು ಗನ್ನಿನ 60 ಕಿಲೋವ್ಯಾಟ್ ಸಾಕು ಅನ್ನೋದು ನನ್ನ ಅಭಿಪ್ರಾಯ, ಕೇಬಲ್ ಮಾತ್ರ ಮುಂದೆ ಲೋಡ್ ಏರಿಸೋ ಹಂಗೆ ದಪ್ಪದ್ದೇ ಎಳೆಸಿ. ಒಸಿಪಿಪಿ, ಅಂದ್ರೆ ಮಷಿನ್ನೂ ಬುಕಿಂಗ್-ಪೇಮೆಂಟ್ ನೋಡ್ಕೊಳ್ಳೋ ಆ್ಯಪ್ ಕಂಪ್ನಿ ಸಾಫ್ಟ್‌ವೇರೂ ಮಾತಾಡೋ ಕಾಮನ್ ಭಾಷೆ, ಅದ್ರ ಸಪೋರ್ಟ್ ಇರ್ಲೇಬೇಕು, ಇಲ್ದಿದ್ರೆ ನಾಳೆ ಆ್ಯಪ್ ಕಂಪ್ನಿ ಬದಲಾಯಿಸೋಕೆ ಹೋದ್ರೆ ಮಷಿನ್ನೇ ಬದಲಾಯಿಸ್ಬೇಕಾಗ್ಬೋದು. ಕೆಟ್ರೆ ಎಷ್ಟು ಗಂಟೇಲಿ ಇಂಜಿನಿಯರ್ ಬರ್ತಾರೆ ಅನ್ನೋದು ಅಗ್ರಿಮೆಂಟಲ್ಲಿ ಬರೀಬೇಕು, ಬಾಯಿ ಮಾತು ಬೇಡ.

ಲೆಕ್ಕ ಹಿಂಗೆ ಹಾಕಿ. ದಿನಕ್ಕೆ ಆರು ಕಾರು, ತಲಾ 25 ಯೂನಿಟ್, ಒಟ್ಟು 150. ಇದು 60 ಕಿಲೋವ್ಯಾಟ್ ಮಷಿನ್ ಇಡೀ ದಿನ ಕೊಡಬಲ್ಲದ್ದರ ಹತ್ತು ಪರ್ಸೆಂಟ್ ಅಷ್ಟೇ. ಕರೆಂಟ್ ಬಿಲ್, 18 ಪರ್ಸೆಂಟ್ ಜಿಎಸ್‌ಟಿ ಕಳೆದು ಯೂನಿಟ್ಟಿಗೆ 7 ರೂಪಾಯಿ ಉಳಿಯುತ್ತೆ ಅಂತ ಇಟ್ಕೊಳ್ಳಿ, ದಿನಕ್ಕೆ 1,050, ತಿಂಗಳಿಗೆ 31,500. ಇದ್ರಲ್ಲೇ ಆ್ಯಪ್ ಕಮಿಷನ್, ಮೇಂಟೆನೆನ್ಸ್, ಬ್ಯಾಂಕಿನ ಕಂತು ಎಲ್ಲಾ ಹೋಗ್ಬೇಕು. ಮೀಟರಲ್ಲಿ ಓಡೋ ಯೂನಿಟ್ ಪೂರ್ತಿ ಕಾರಿಗೆ ಹೋಗಲ್ಲ, ಮಷಿನ್ ಒಳಗೇ ಒಂದಿಷ್ಟು ಬಿಸಿಯಾಗಿ ಹೋಗುತ್ತೆ, ಅದ್ರ ಬಿಲ್ಲೂ ನಿಮ್ದೇ. ವೀಕೆಂಡಲ್ಲಿ ಕ್ಯೂ ನಿಂತಿದ್ದು ನೋಡಿ ಅದನ್ನೇ ಮೂವತ್ತರಿಂದ ಗುಣಿಸ್ಬೇಡಿ, ಇಡೀ ವಾರದ ಸರಾಸರಿ ತಗೊಳ್ಳಿ. ಎಲೆಕ್ಟ್ರಿಕ್ ಗಾಡಿಗಳಿಗೆ ಸಬ್ಸಿಡಿ ಕೊಡೋ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟೀಲಿ 2,000 ಕೋಟಿ ಚಾರ್ಜಿಂಗ್ ಸ್ಟೇಷನ್ನಿಗೇ ಇಟ್ಟಿದಾರೆ ನಿಜ, ಆದ್ರೆ ಮಂಜೂರಾತಿ ಪತ್ರ ಬರೋವರ್ಗೂ ಆ ದುಡ್ಡನ್ನ ಲೆಕ್ಕಕ್ಕೆ ಸೇರಿಸ್ಬೇಡಿ. ತಿಂಗಳಿಗೆ ಇಷ್ಟು ಗ್ಯಾರಂಟಿ ಆದಾಯ ಅಂತ ಫ್ರಾಂಚೈಸಿ ಮಾರೋಕೆ ಬರೋರ ಹತ್ರ, ಕಾರು ಬರ್ದೇ ಇದ್ರೂ ಆ ದುಡ್ಡು ಯಾರು ಕೊಡ್ತಾರೆ ಅಂತ ಬರವಣಿಗೇಲಿ ಕೇಳಿ.

ಚಾರ್ಜ್ ಆಗೋಕೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಅಷ್ಟೊತ್ತು ಜನ ಎಲ್ಲಿರ್ತಾರೆ? ಕ್ಲೀನ್ ಟಾಯ್ಲೆಟ್, ಮೇಲೊಂದು ಶೀಟು, ರಾತ್ರಿ ಲೈಟು, ಒಳ್ಳೆ ಫಿಲ್ಟರ್ ಕಾಫಿ, ಇಷ್ಟಿದ್ರೆ ಯೂನಿಟ್ಟಿನ ಲಾಭದ ಜೊತೆ ಹೋಟ್ಲಿನ ಗಲ್ಲಾನೂ ತುಂಬುತ್ತೆ. ಎಲ್ಲಾ ಕೂರಿಸಿದ್ಮೇಲೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕಾಗೋ ಲೋಡಾದ್ರೆ ಅದನ್ನ ತಗೊಂಡೇ ಸ್ವಿಚ್ ಹಾಕಿ. ಮಷಿನ್ನಿಗೆ ಅಡ್ವಾನ್ಸ್ ಕೊಡೋದು ಲೋಡ್ ಮಂಜೂರಾದ ಪತ್ರ ಕೈಗೆ ಬಂದ್ಮೇಲೆ ಮಾತ್ರ.