ಭಾರ ಸೊಂಟಕ್ಕೆ ಬರಲಿ
ಮೊದಲ ಸಲ ಎರಡು ದಿನದ ಕಾಡಿನ ನಡಿಗೆಗೆ ಹೊರಟಾಗ ಟೆಂಟನ್ನು ಬ್ಯಾಗಿನ ಹೊರಗೆ ನೇತುಹಾಕಿದ್ದೆ. ಹೆಜ್ಜೆಹೆಜ್ಜೆಗೂ ಅದು ಹಿಂದಕ್ಕೆ ಎಳೆಯುತ್ತಿತ್ತು. ಸಂಜೆ ಹೊತ್ತಿಗೆ ಹೆಗಲು ಕೆಂಪಗೆ ಬಾತುಕೊಂಡಿತ್ತು. ಈಗ ಮಲಗುವ ಚೀಲ ತಳಕ್ಕೆ ಹೋಗುತ್ತದೆ. ಟೆಂಟು, ಊಟದ ಸಾಮಾನು, ನೀರು, ಹೀಗೆ ತೂಕದ್ದೆಲ್ಲ ನಡುವೆ, ಬೆನ್ನಿಗೆ ಒತ್ತಿಕೊಂಡಿರಬೇಕು. ಸುತ್ತ ಬಟ್ಟೆ ತುರುಕಿ. ರೇನ್‌ಕೋಟು ಎಲ್ಲಕ್ಕಿಂತ ಮೇಲೆ. ಮಳೆ ಹೇಳಿಕೇಳಿ ಬರುವುದಿಲ್ಲವಲ್ಲ.

ಬ್ಯಾಗು ಹೊತ್ತ ಮೇಲೆ ಮೊದಲು ಸೊಂಟದ ಪಟ್ಟಿ ಬಿಗಿಯಿರಿ, ಆಮೇಲೆ ಹೆಗಲಿನದು. ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ.

ಕಾಲಿನ ವಿಷಯದಲ್ಲಿ ಮಾತ್ರ ನಾನು ಮಹಾ ಹಠಮಾರಿ. ಹಿಮ್ಮಡಿ ಚುರುಗುಟ್ಟಿದ ಕೂಡಲೇ ನಿಂತುಬಿಡುತ್ತೇನೆ, ಜೊತೆಗಿದ್ದವರು ಗೊಣಗಿದರೆ ಗೊಣಗಲಿ. ಬೂಟು ಬಿಚ್ಚಿ, ಬೆವರು ಒರೆಸಿ, ಕೆಂಪಾದ ಜಾಗಕ್ಕೆ ಸುಕ್ಕಿಲ್ಲದಂತೆ ಟೇಪು ಅಂಟಿಸಿ, ಒಣ ಕಾಲುಚೀಲ ಹಾಕಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ. ಬೊಬ್ಬೆ ಎದ್ದಿತೋ, ದಿನವಿಡೀ ಕುಂಟಬೇಕು.

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಯಿರಿ: ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿದ್ದರೆ 3 ನಿಮಿಷ.