ತೆಂಗಿನಮರಕ್ಕೆ ಕಟ್ಟಿದ ಏರಿಯಲ್

ನಮ್ಮ ಮನೆ ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ಅಪ್ಪನ ಕಾಲದಲ್ಲಿ ಸೂರಿನ ಕೆಳಗೆ ಕಟ್ಟಿದ ತಾಮ್ರದ ಜಾಲರಿ ಏರಿಯಲ್‌ನಲ್ಲೇ ಸಿಲೋನ್ ಸ್ಟೇಷನ್ ಚೆನ್ನಾಗಿ ಬರುತ್ತಿತ್ತು. ನಾನು ಟೆಕ್‌ಸನ್ ಪಿಎಲ್-310 ಅನ್ನುವ ಶಾರ್ಟ್‌ವೇವ್ ರೇಡಿಯೋ ತಗೊಂಡು ಅದೇ ಜಗಲಿಯಲ್ಲಿ ಕೂತರೆ ಬರೀ ಗುಂಯ್ ಅನ್ನುವ ಸದ್ದು. ಏರಿಯಲ್ ಸಾಲದು ಅಂದುಕೊಂಡೆ. 30 ಅಡಿ ವೈರ್ ತಂದು ಹೆಂಚಿನ ಕೆಳಗೆ ಎಳೆದು ರೇಡಿಯೋದ ಕಡ್ಡಿಗೆ ಕ್ಲಿಪ್ ಹಾಕಿದೆ. ಸ್ಟೇಷನ್ ಜೋರಾಯಿತು. ಗುಂಯ್ ಸದ್ದು ಅದಕ್ಕಿಂತ ಜೋರಾಯಿತು.

ಸಂಜೆ ಮೇಲೆ 10000 ಕಿಲೋಹರ್ಟ್ಸ್‌ಗೆ ತಿರುಗಿಸಿ ನೋಡಿ. ಚೀನಾದ ಬಿಪಿಎಂ ಅನ್ನುವ, ಸಮಯ ತಿಳಿಸುವ ಸ್ಟೇಷನ್ ಅಲ್ಲಿ ಸೆಕೆಂಡಿಗೊಂದು ಟಿಕ್ ಕಳಿಸುತ್ತಿರುತ್ತದೆ. ಏರಿಯಲ್‌ನಲ್ಲಿ ಏನೇ ಬದಲಿಸಿದರೂ ಆ ಟಿಕ್ ಮೊದಲಿಗಿಂತ ಬಿಡಿಸಿ ಕೇಳುತ್ತದಾ ಅಂತ ನೋಡುತ್ತೇನೆ. ನನಗೆ ರೇಡಿಯೋದ ಸಿಗ್ನಲ್ ಮೀಟರಿಗಿಂತ ಅದರ ಮೇಲೆ ನಂಬಿಕೆ ಜಾಸ್ತಿ.

ಒಂದು ರಾತ್ರಿ ರೇಡಿಯೋವನ್ನು ಬ್ಯಾಟರಿಯಲ್ಲಿ ಇಟ್ಟು ಮೇನ್ ಸ್ವಿಚ್ ಆಫ್ ಮಾಡಿದೆ. ಸದ್ದು ಹಾಗೇ ಇತ್ತು. ಕರೆಂಟ್ ಹೋದ ಕೂಡಲೇ ಯುಪಿಎಸ್ ಓಡಲು ಶುರುವಾಗಿತ್ತಲ್ಲ! ಅದನ್ನೂ ಆಫ್ ಮಾಡಿದೆ. ಟಿಕ್, ಟಿಕ್, ಟಿಕ್. ಮನೆಯವರನ್ನೆಲ್ಲ ಕತ್ತಲೆಯಲ್ಲೇ ಕರೆದು ಕೇಳಿಸಿದೆ. ಆಮೇಲೆ ಒಂದೊಂದೇ ಆನ್ ಮಾಡುತ್ತಾ ಹೋದಾಗ ಗೊತ್ತಾಗಿದ್ದು: ಯುಪಿಎಸ್, ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್, ಅಡುಗೆಮನೆಯ ಒಂದು ಎಲ್‌ಇಡಿ ಬಲ್ಬು. ಬಲ್ಬು ಬದಲಿಸಿದೆ, ಅಡಾಪ್ಟರ್ ಬೇಡದಾಗ ಕೀಳುತ್ತೇನೆ. ಯುಪಿಎಸ್ ಬಿಡುವ ಹಾಗಿಲ್ಲ, ಆದ್ದರಿಂದ ಏರಿಯಲ್ಲೇ ಮನೆಯಿಂದ ದೂರ ಹೋಗಬೇಕಾಯಿತು.

ಹಿತ್ತಿಲ ಆಚೆ ಎರಡು ತೆಂಗಿನಮರ. ಕಾಯಿ ಕೀಳಲು ಬಂದವರ ಹತ್ತಿರವೇ 50 ಅಡಿ ವೈರನ್ನು ಅವಕ್ಕೆ ಕಟ್ಟಿಸಿದೆ. ಎರಡು ತುದಿಗೂ ಪಿವಿಸಿ ಪೈಪಿನ ತುಂಡು, ಅದರಾಚೆ ನೈಲಾನ್ ಹಗ್ಗ. ಅಲ್ಲಿಂದ ರೇಡಿಯೋವರೆಗೆ ಹಳೆಯ ಡಿಶ್ ಕೇಬಲ್. ಟಿವಿಗೆ ಮಾಡಿದ ಕೇಬಲ್ ಆದರೂ ಕೇಳುವುದಕ್ಕೆ ಏನೂ ತೊಂದರೆಯಿಲ್ಲ.

ವೈರ್ ಮತ್ತು ಕೇಬಲ್ ಸೇರುವಲ್ಲಿ, ಎರಡನ್ನೂ ಒಂದಕ್ಕೊಂದು ಹೊಂದಿಸಲು ಸಣ್ಣ ಟ್ರಾನ್ಸ್‌ಫಾರ್ಮರ್ ಬೇಕು. ಎಫ್‌ಟಿ140-43 ಅನ್ನುವ ಫೆರೈಟ್ (ಅಯಸ್ಕಾಂತೀಯ ವಸ್ತು) ಬಳೆ ತರಿಸಿದೆ, ಎನಾಮಲ್ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಕ್ಕಿತು. ವೈರಿನ ಕಡೆಗೆ 9 ಸುತ್ತು, ಕೇಬಲ್ ಕಡೆಗೆ 3 ಸುತ್ತು. ತಂತಿ ಬಳೆಯ ಒಳಗೆ ಒಮ್ಮೆ ತೂರಿದರೆ ಒಂದು ಸುತ್ತು ಅಂತ ಲೆಕ್ಕ. ತುದಿಯ ಎನಾಮಲ್ ಬ್ಲೇಡಿನಿಂದ ಕೆರೆದು, ತಾಮ್ರ ಹೊಳೆದ ಮೇಲೆ ಬೆಸುಗೆ ಹಾಕಿ. 9 ಸುತ್ತಿನ ಒಂದು ತುದಿ ವೈರಿಗೆ, ಇನ್ನೊಂದು ತೆಂಗಿನ ಬುಡದ ಹಸಿ ಮಣ್ಣಿಗೆ ಹೊಡೆದ ಅರ್ತ್ ರಾಡಿಗೆ. 3 ಸುತ್ತಿನ ಎರಡೂ ತುದಿ ಕೇಬಲ್ಲಿಗೆ ಮಾತ್ರ. 9 ಸುತ್ತಿನ ತಂತಿಯನ್ನೂ 3 ಸುತ್ತಿನ ತಂತಿಯನ್ನೂ ಎಲ್ಲೂ ಕೂಡಿಸಬೇಡಿ. ಕೂಡಿಸಿದರೆ ಮನೆಯ ಸದ್ದು ಕೇಬಲ್ಲಿನ ಹೊರ ಜಾಲರಿ ಹಿಡಿದು ಏರಿಯಲ್ಲಿಗೆ ಹತ್ತುತ್ತದೆ.

ಈಗ ಯುಪಿಎಸ್ ಆನ್ ಇದ್ದರೂ ಟಿಕ್ ಬಿಡಿಸಿ ಕೇಳುತ್ತದೆ. 10000 ಕಿಲೋಹರ್ಟ್ಸ್‌ಗೆ ಸ್ವಲ್ಪ ಕೆಳಗಿನ 31 ಮೀಟರ್ ಬ್ಯಾಂಡಿನಲ್ಲಿ ರಾತ್ರಿ ಸ್ಟೇಷನ್ ಪಕ್ಕ ಸ್ಟೇಷನ್. ಕೆಲವೊಮ್ಮೆ ಜಾಸ್ತಿಯೇ ಆಗಿ ಒಂದರ ಮೇಲೊಂದು ಬೀಳುತ್ತವೆ. ಆಗ ಕೇಬಲ್ ತೆಗೆದು ಕಡ್ಡಿಯಲ್ಲೇ ಕೇಳುವುದು.

ಮೊದಲ ಮಳೆಗಾಲದಲ್ಲಿ ಮರ ತೂಗಿ ವೈರ್ ತುಂಡಾಯಿತು. ಈಗ ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಮರಳು ತುಂಬಿದ ಬಾಟಲಿ ತೂಗುಬಿಟ್ಟಿದ್ದೇನೆ. ಮರ ಆಡಿದಂತೆ ಬಾಟಲಿ ಏರಿಳಿಯುತ್ತದೆ. ದೂರದಲ್ಲಿ ಗುಡುಗು ಕೇಳಿದರೂ ಸಾಕು, ಕೇಬಲ್ ಕಿತ್ತು ಕಿಟಕಿಯಾಚೆ ಹಾಕುತ್ತೇನೆ. ನೀವೂ ಹಾಗೇ ಮಾಡಿ.